ಉಟ್ಟ ನೈಟಿಯಲ್ಲೇ ಮನೆ ಬಿಡಬೇಕಾದರೆ: ಕಳ್ಳಜೇಬು ಹೊಲಿಸಬೇಕೋ, ಸೊಂಟಕ್ಕೆ ಕಟ್ಟಬೇಕೋ?

ಬರೆಯಂಚು
ಬರೆ, ಅಂದರೆ ಗುಡ್ಡದ ಕಡಿದಾದ ಮಣ್ಣಿನ ಅಂಚು, ಕುಸಿಯೋದು ಹೊತ್ತು ನೋಡಿಕೊಂಡಲ್ಲ. 2024ರ ಜುಲೈ 30ರಂದು ವಯನಾಡಿನ ಮುಂಡಕ್ಕೈ, ಚೂರಲ್‌ಮಲೆ ಕೊಚ್ಚಿಹೋದದ್ದು ಜನ ಮಲಗಿದ್ದ ಹೊತ್ತಲ್ಲಿ. ನಮ್ಮ ಕೊಡಗಿನಲ್ಲಿ 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಮುಕ್ಕೋಡ್ಲು, ಜೋಡುಪಾಲದ ಕಡೆಯ ಎಷ್ಟೋ ಮನೆಯವರು ಉಟ್ಟ ಬಟ್ಟೆಯಲ್ಲೇ ಹೊರಬಿದ್ದರು. ಆ ಉಟ್ಟ ಬಟ್ಟೆ ಯಾವುದು ಅಂತ ಮಾತ್ರ ಯಾರೂ ಯೋಚಿಸಲ್ಲ. ರಾತ್ರಿ ಹೊತ್ತು ಹೆಂಗಸರಿಗೆ ನೈಟಿ, ಗಂಡಸರಿಗೆ ಲುಂಗಿ ಬನಿಯನ್. ಎರಡಕ್ಕೂ ಜೇಬಿಲ್ಲ.

ಬಾಗಿಲ ಹತ್ತಿರ ಒಂದು ಬ್ಯಾಗ್ ಕಟ್ಟಿಡಿ ಅಂತ ಎಲ್ಲರೂ ಹೇಳ್ತಾರೆ, ಇಡಲೇಬೇಕು. ಆದರೆ ಮುಂಬಾಗಿಲಿನ ಗೋಡೆಯೇ ಮೊದಲು ಬಿದ್ದರೆ ಹಿತ್ತಲ ಕಡೆ ಓಡಬೇಕಾಗುತ್ತೆ, ಆಗ ಮೈಮೇಲಿದ್ದದ್ದು ಮಾತ್ರ ಜೊತೆಗೆ ಬರೋದು. ಅದಕ್ಕೇ ಮಳೆ ಹಿಡಿಯುವ ಮೊದಲು ಮನೆಯ ಪ್ರತಿ ನೈಟಿಗೂ ಒಂದು ಕಳ್ಳಜೇಬು ಹೊಲಿಸಿ ಅನ್ನೋದು ನನ್ನ ವಾದ. ಹೊಲಿಗೆ ಬಲ್ಲವರು ಅಳತೆ ಹೇಳಿ. ಬೇಡ ಅನ್ನುವವರು ಯಾಕೆ ಬೇಡ ಅಂತ ಹೇಳಿ.

ಸೂಜಿದಾರ
ಹೊಲಿಯೋದು ಕಷ್ಟವಲ್ಲ, ಜಾಗ ತಪ್ಪಿದರೆ ಕಷ್ಟ. ನೈಟಿ ನಿಲ್ಲೋದು ಹೆಗಲ ಮೇಲೆ, ಸೊಂಟದ ಮೇಲಲ್ಲ. ಮೊಬೈಲ್ ಹತ್ತಿರ ಹತ್ತಿರ 200 ಗ್ರಾಂ. ಕೈ ಇಳಿಬಿಟ್ಟರೆ ಸಿಗುವ ಎತ್ತರದಲ್ಲಿ ಜೇಬಿಟ್ಟರೆ, ಓಡುವಾಗ ಅಷ್ಟೂ ಭಾರ ತೊಡೆಗೆ ಬಡಿಯುತ್ತೆ, ಕತ್ತಿನ ಪಟ್ಟಿ ಒಂದು ಬದಿಗೆ ಜಗ್ಗುತ್ತೆ. ಜೇಬಿನ ಬಾಯಿ ಸೊಂಟದ ಮೂಳೆಗಿಂತ ನಾಲ್ಕು ಬೆರಳು ಮೇಲಿರಲಿ. ಬದಿಯ ಹೊಲಿಗೆ 15 ಸೆಂ.ಮೀ. ಬಿಚ್ಚಿ, ಒಳಗೆ 16 ಅಗಲ, 20 ಆಳದ ಚೀಲ ಕೂರಿಸಿ. ಚೀಲದ ಮೇಲಂಚಿಗೆ ಒಂದೂವರೆ ಮೀಟರ್ ಲಾಡಿ ಹೊಲಿದು ನೈಟಿಯ ಒಳಗೇ ಸೊಂಟ ಸುತ್ತಿ ಕಟ್ಟಿಕೊಂಡರೆ ಭಾರ ಹೆಗಲಿಂದ ಸೊಂಟಕ್ಕೆ ಇಳಿಯುತ್ತೆ.

ಜಿಪ್ ನೈಲಾನಿನದು, ಐದನೇ ನಂಬರಿನದು. ಲೋಹದ ಜಿಪ್ ಮಲೆನಾಡಿನ ತೇವಕ್ಕೆ ಹಿಡಿದುಕೊಂಡುಬಿಡುತ್ತೆ, ಬೇಕಾದಾಗ ಬರಲ್ಲ. ದಾರ ಪಾಲಿಯೆಸ್ಟರ್. ಬಾಯಿಯ ಎರಡೂ ತುದಿಗೆ ಹಿಂದೆ ಮುಂದೆ ಏಳೆಂಟು ಹೊಲಿಗೆ ಕೊಡಿ, ಹರಿಯೋದು ಅಲ್ಲಿಂದಲೇ. ಚೀಲಕ್ಕೆ ಅಸ್ತರ್ ಬಟ್ಟೆ ಬೇಡ, ನೆಟ್ ಹಾಕಿ. ಒತ್ತು ನೇಯ್ಗೆಯ ಚೀಲದಲ್ಲಿ ನೀರೂ ಕೆಸರೂ ನಿಲ್ಲುತ್ತೆ. ಅರ್ಧ ಲೀಟರ್ ನಿಂತರೂ ಅರ್ಧ ಕೆ.ಜಿ. ಹೆಚ್ಚಾಯ್ತು.

ಹಮ್ಮಿಣಿ
ಸೂಜಿದಾರ ಅವರ ಅಳತೆಗಳನ್ನು ಒಪ್ಪುತ್ತೇನೆ. ಆದರೆ ಬರೆಯಂಚು ಅವರೇ, ನಿಮ್ಮ ಯೋಜನೆ ಸೋಲುವುದು ಒಗೆಯುವ ಕಲ್ಲಿನ ಹತ್ತಿರ. ಒಬ್ಬೊಬ್ಬರಿಗೆ ನಾಲ್ಕೈದು ನೈಟಿ. ಜುಲೈ ತಿಂಗಳಲ್ಲಿ ಒಗೆದದ್ದು ಒಣಗಲು ಮೂರು ದಿನ, ಬಚ್ಚಲೊಲೆಯ ಮೇಲಿನ ತಂತಿಯಲ್ಲೇ ಇರುತ್ತದೆ. ಕಾರ್ಡು ಒಂದರಲ್ಲಿ, ದುಡ್ಡು ಇನ್ನೊಂದರಲ್ಲಿ, ಆ ರಾತ್ರಿ ಉಟ್ಟದ್ದು ಮೂರನೆಯದು.

ಹಿಂದೆ ದೂರ ಪ್ರಯಾಣಕ್ಕೆ ಹೊರಟವರು ಹಣವನ್ನು ಹಮ್ಮಿಣಿಯಲ್ಲಿ ಹಾಕಿ ಸೊಂಟಕ್ಕೆ ಕಟ್ಟುತ್ತಿದ್ದರು. ಉದ್ದನೆಯ ಬಟ್ಟೆಯ ಚೀಲ ಅದು. ಮೇಲೆ ಏನು ಉಟ್ಟರೂ ಒಳಗೆ ಅದೇ. ಈಗಲೂ ಅದೇ ಸರಿ. ಹಳೆಯ ಪ್ಯಾಂಟಿನ ಕಾಲಿನಿಂದ 60 ಸೆಂ.ಮೀ. ಉದ್ದ, 26 ಅಗಲದ ತುಂಡು ಕತ್ತರಿಸಿ ಉದ್ದಕ್ಕೆ ಮಡಚಿ. ಅಂಚು ಹೊಲಿದ ಮೇಲೆ ಸುಮಾರು 12 ಸೆಂ.ಮೀ. ಎತ್ತರದ ಪಟ್ಟಿ ಸಿಗುತ್ತದೆ. ಅಡ್ಡ ಹೊಲಿಗೆ ಹಾಕಿ ಮೂರು ಮನೆ ಮಾಡಿ. ನಡುವಿನದು 20 ಸೆಂ.ಮೀ., ಅದರಲ್ಲಿ ಮೊಬೈಲ್ ಅಡ್ಡಡ್ಡ ಮಲಗುತ್ತದೆ. ಎರಡೂ ತುದಿಗೆ ಶಾಲಾಬ್ಯಾಗಿನ 2.5 ಸೆಂ.ಮೀ. ಪಟ್ಟಿ ಮತ್ತು ಪ್ಲಾಸ್ಟಿಕ್ ಬಕಲ್. ಗಂಟು ಬೇಡ. ಒದ್ದೆಯಾದ ಗಂಟು ನಡುಗುವ ಕೈಗೆ ಬಿಚ್ಚುವುದಿಲ್ಲ.

ಒಳಗೆ ಏನು ಅನ್ನುವುದರಲ್ಲಿ ಕಟ್ಟುನಿಟ್ಟಾಗಿರಿ. ಮೊಬೈಲ್, ಆಧಾರ್‌ನ ಪಿವಿಸಿ ಕಾರ್ಡು, ನೂರು ಐವತ್ತರ ನೋಟುಗಳು, ಮೂರು ದಿನದ ಮಾತ್ರೆ (ಹೆಸರು ಮತ್ತು ಅವಧಿ ಮುದ್ರಿಸಿದ ಕಡೆ ಉಳಿಯುವಂತೆ ಕತ್ತರಿಸಿದ ಪಟ್ಟಿ), ಸಣ್ಣ ಟಾರ್ಚ್, ಸೀಟಿ, ಕೈಯಲ್ಲಿ ಬರೆದ ನಾಲ್ಕು ಫೋನ್ ನಂಬರ್. ಎಲ್ಲ ಸೇರಿ 400 ಗ್ರಾಂ ದಾಟಬಾರದು. ಪವರ್‌ಬ್ಯಾಂಕ್ ಒಂದೇ 200 ಗ್ರಾಂ ತೂಗುತ್ತದೆ, ಅದು ಬ್ಯಾಗಿಗೆ. ಆಸ್ತಿ ಪತ್ರ, ಅಂಕಪಟ್ಟಿಗಳನ್ನೂ ಸೊಂಟಕ್ಕೆ ಸುತ್ತಿಕೊಳ್ಳಬೇಡಿ. ಅವುಗಳ ಪ್ರತಿ ಡಿಜಿಲಾಕರ್‌ನಲ್ಲೋ ಊರಾಚೆಯ ನೆಂಟರ ಬಳಿಯೋ ಇರಲಿ.

ಬರೆಯಂಚು
ಒಗೆಯೋ ವಿಷಯ ನನಗೆ ಹೊಳೆದಿರಲಿಲ್ಲ, ಒಪ್ಪಿದೆ. ಆದರೆ ನಿಮ್ಮ ಹಮ್ಮಿಣಿ ರಾತ್ರಿ ಎಲ್ಲಿರುತ್ತೆ? ಮೊಳೆಗೆ ನೇತುಹಾಕಿದ್ದು ಕತ್ತಲಲ್ಲಿ ಸಿಗಲ್ಲ. ಬ್ಯಾಗ್ ಮರೆತವರು ಅದನ್ನೂ ಮರೀತಾರೆ.

ಹಮ್ಮಿಣಿ
ಕಟ್ಟಿಕೊಂಡೇ ಮಲಗಬೇಕು, ಆದರೆ ಎಲ್ಲ ರಾತ್ರಿಯೂ ಅಲ್ಲ. ಮಳೆಗಾಲ ಪೂರ್ತಿ ಕಟ್ಟಿ ಎಂದರೆ ವಾರದೊಳಗೆ ಬಿಟ್ಟುಬಿಡುತ್ತಾರೆ. ಹವಾಮಾನ ಇಲಾಖೆಯ ಲೆಕ್ಕದಲ್ಲಿ 24 ಗಂಟೆಗೆ 115.6 ಮಿ.ಮೀ. ದಾಟಿದರೆ ಅತಿ ಭಾರಿ ಮಳೆ, 204.5 ಮುಟ್ಟಿದರೆ ಅತ್ಯಂತ ಭಾರಿ. ಅತಿ ಭಾರಿ ಮಳೆಯ ಮುನ್ಸೂಚನೆಗೆ ಸಾಮಾನ್ಯವಾಗಿ ಆರೆಂಜ್ ಅಲರ್ಟ್ ಕೊಡುತ್ತಾರೆ. ಅದು ಬಂದ ರಾತ್ರಿಯಿಂದ ಕಟ್ಟಿ, ಅಲರ್ಟ್ ಇಳಿದ ಮೇಲೆ ಬಿಚ್ಚಿ.

ಬರೆಯಂಚು
ಅಲರ್ಟ್ ಇಳಿದ ಕೂಡಲೇ ಬಿಚ್ಚಬೇಡಿ. ನಾಲ್ಕು ದಿನ ಸುರಿದು ಐದನೇ ದಿನ ಹೊಳವಾದರೂ ಮಣ್ಣೊಳಗೆ ಸೇರಿದ ನೀರು ಇಳಿದಿರಲ್ಲ. ಇನ್ನೂ ಎರಡು ರಾತ್ರಿ ಇರಲಿ. ಅಂಗಳದಲ್ಲಿ ಹೊಸ ಬಿರುಕು, ವಾಲಿದ ಅಡಿಕೆ ಮರ, ಇದ್ದಕ್ಕಿದ್ದಂತೆ ಕೆಂಪಗಾದ ಒರತೆ, ಚೌಕಟ್ಟಿಗೆ ಸಿಕ್ಕಿಕೊಳ್ಳುವ ಬಾಗಿಲು ಇವು ಕಂಡರೆ ಬಟ್ಟೆಯ ಮಾತೇ ಬೇಡ, ಹಗಲಲ್ಲೇ ಮನೆ ಬಿಡಿ.

ನೀರುದಾರಿ
ಇಬ್ಬರೂ ಜೇಬು ಹಿಡಿದುಕೊಂಡು ಕೂತಿದ್ದೀರಿ. ಜೀವ ತೆಗೆಯೋದು ಬಟ್ಟೆಯ ಕೆಳಗಿನ ಅರ್ಧ. ರಭಸವಾಗಿ ಹರಿಯೋ ನೀರು ಒಂದು ಗೇಣಿಗಿಂತ ಕಡಿಮೆ, 15 ಸೆಂ.ಮೀ. ಇದ್ದರೂ ದೊಡ್ಡವರನ್ನೂ ಬೀಳಿಸಬಲ್ಲದು. ಅದರಲ್ಲಿ ಪಾದದವರೆಗಿನ ನೈಟಿ ಹಾಯಿಯ ಥರ ನೀರು ಹಿಡಿಯುತ್ತೆ, ಒದ್ದೆಯಾದ ಮೇಲೆ ಎರಡೂ ಕಾಲಿಗೆ ಸುತ್ತಿಕೊಳ್ಳುತ್ತೆ. ಲುಂಗಿ ಇನ್ನೂ ಮೋಸ. ಮಡಚಿ ಕಟ್ಟಿದ್ದು ನೀರಿನ ಸೆಳೆತಕ್ಕೆ ಜಾರುತ್ತೆ, ಅದನ್ನು ಹಿಡಿಯೋಕೆ ಹೋದ ಕೈ ಮಗುವನ್ನೋ ಹಗ್ಗವನ್ನೋ ಬಿಡುತ್ತೆ.

ಅಲರ್ಟ್ ಇರುವ ರಾತ್ರಿ ನೈಟಿಯ ಒಳಗೆ ಟ್ರ್ಯಾಕ್ ಪ್ಯಾಂಟ್ ಹಾಕಿಕೊಂಡು ಮಲಗಿ. ಎದ್ದ ಕೂಡಲೇ ನೈಟಿಯನ್ನು ಎತ್ತಿ ಹಮ್ಮಿಣಿಯ ಪಟ್ಟಿಗೆ ಸಿಕ್ಕಿಸಿದರೆ ಮೊಣಕಾಲಿನ ಮೇಲೆ ನಿಲ್ಲುತ್ತೆ. ಗಂಡಸರು ಲುಂಗಿ ಬಿಟ್ಟು ಬರ್ಮುಡಾ ಹಾಕಲಿ. ಹವಾಯಿ ಚಪ್ಪಲಿಯನ್ನು ಕೆಸರು ಎಳೆದುಕೊಳ್ಳುತ್ತೆ. ಗಮ್‌ಬೂಟು ಹಾವಿಗೆ, ಇಂಬಳಕ್ಕೆ ಒಳ್ಳೇದು, ಆದರೆ ಅದರ ಬಾಯಿ ಮುಳುಗುವಷ್ಟು ನೀರಲ್ಲಿ ಒಳಗೆ ತುಂಬಿ ಕಾಲೆತ್ತೋಕೆ ಬಿಡಲ್ಲ. ಲೇಸ್ ಇರುವ ಹಳೆ ಪಿ.ಟಿ. ಶೂ ಸಾಕು. ಅದನ್ನು ಬಾಯಿ ಕಟ್ಟಿದ ಪ್ಲಾಸ್ಟಿಕ್ ಚೀಲದಲ್ಲಿ ಮಂಚದ ಹತ್ತಿರ ಇಡಿ. ಮಳೆಗಾಲದಲ್ಲಿ ತೆರೆದ ಶೂ ಒಳಗೆ ಚೇಳೋ ಹಾವಿನ ಮರಿಯೋ ಸೇರಿಕೊಳ್ಳೋದು ಮಾಮೂಲು.

ಒಲೆಮುಂದೆ
ಟ್ರ್ಯಾಕ್ ಪ್ಯಾಂಟ್ ಅಂದರೆ ಸಾಮಾನ್ಯವಾಗಿ ಪಾಲಿಯೆಸ್ಟರ್. ಇದನ್ನು ಓದಿ ದಿನವಿಡೀ ಪಾಲಿಯೆಸ್ಟರ್ ಉಡುವವರು ಇದ್ದಾರೆ, ಅದಕ್ಕೇ ಹೇಳುತ್ತಿದ್ದೇನೆ. ಪಾಲಿಯೆಸ್ಟರ್ 250–260 ಡಿಗ್ರಿಗೆ ಕರಗಿ ಚರ್ಮಕ್ಕೆ ಅಂಟುತ್ತದೆ. ಹತ್ತಿ ಕರಗುವುದಿಲ್ಲ, ಆದರೆ ಸಡಿಲವಾದ ತೆಳು ಹತ್ತಿ ಬೇಗ ಹೊತ್ತಿಕೊಂಡು ಮೇಲೇರುತ್ತದೆ. ಒಲೆಯ ಮುಂದೆ ಒತ್ತು ನೇಯ್ಗೆಯ ಹತ್ತಿಯೇ ಇರಲಿ, ತೋಳು ಮೊಣಕೈಗಿಂತ ಮೇಲಿರಲಿ, ವೇಲ್ ಬೇಡ. ಕರೆಂಟ್ ಹೋದಾಗ ಮೇಣದಬತ್ತಿ, ಸೀಮೆಎಣ್ಣೆ ಬುಡ್ಡಿ ಹಚ್ಚುವ ಮನೆಗಳಲ್ಲಿ ಇದು ದೊಡ್ಡ ಮಾತು. ಆ ಟಾರ್ಚ್ ಹಮ್ಮಿಣಿಯಲ್ಲಿದ್ದರೆ ಬುಡ್ಡಿಯೇ ಬೇಕಾಗುವುದಿಲ್ಲ.

ನೀರುದಾರಿ
ಒಪ್ಪಿದೆ. ಅಡುಗೆ ಮುಗಿದ ಮೇಲೆ ಬದಲಾಯಿಸಿ ಅಂತ ಸೇರಿಸಿಕೊಳ್ಳಿ. ಆದರೆ ಹೊರಗೆ ಓಡುವಾಗ ಮೈಗಂಟಿದ ಹತ್ತಿ ಬೇಡವೇ ಬೇಡ. ಹಿಂಡಿದ ಮೇಲೂ ನೀರು ಬಿಡಲ್ಲ, ಗಾಳಿಗೆ ಮೈಯ ಶಾಖ ಎಳೆಯುತ್ತೆ. ಮಡಿಕೇರಿಯ ಜುಲೈ ರಾತ್ರಿ 16–18 ಡಿಗ್ರಿ ಇರುತ್ತೆ. ಒದ್ದೆ ಬಟ್ಟೆಯಲ್ಲಿ ಬೆಳಗಿನವರೆಗೆ ಗುಡ್ಡದ ಮೇಲೆ ಕೂತರೆ ಮುದುಕರು, ಮಕ್ಕಳು ಶೀತಕ್ಕೇ ಕುಸೀತಾರೆ.

ದಾದಿ
ಶೀತ ಏರಿದ್ದು ಗೊತ್ತಾಗೋದು ಮಾತು ತೊದಲಿದಾಗ, ನಡುಕ ನಿಂತು ಮಂಕು ಹಿಡಿದಾಗ. ನಡುಕ ನಿಂತಿತು ಅಂತ ಸಮಾಧಾನ ಪಡಬೇಡಿ, ಅದು ಕೆಟ್ಟ ಲಕ್ಷಣ. ಒದ್ದೆ ಬಟ್ಟೆ ತೆಗೆದು ಒಣಗಿದ್ದರಲ್ಲಿ ಸುತ್ತಿ, ನೆಲದ ತಂಪು ತಾಗದ ಹಾಗೆ ಕೆಳಗೂ ಏನಾದರೂ ಹಾಸಿ. ಉಣ್ಣೆಯ ಮಂಕಿಕ್ಯಾಪ್ ಒಂದು ಹಮ್ಮಿಣಿಗೆ ಸಿಕ್ಕಿಸಿಕೊಂಡಿದ್ದರೆ ಒಳ್ಳೇದು, ಉಣ್ಣೆ ತೇವದಲ್ಲೂ ಅಷ್ಟಿಷ್ಟು ಬೆಚ್ಚಗಿಡುತ್ತೆ. ಕಂಬಳಿಕೊಪ್ಪೆ ಹಾಕಬಹುದಲ್ಲ ಅಂತ ಕೇಳ್ತಾರೆ. ನಾಟಿ ಗದ್ದೆಗೆ ಸರಿ, ನೆನೆದರೆ ಅದು ಎತ್ತಲಾರದಷ್ಟು ಭಾರ. ಓಡೋಕೆ ಬೇಡ.

ಒಲೆಮುಂದೆ ಅವರ ಮಾತಿಗೆ ಒಂದು ಸೇರಿಸ್ತೀನಿ. ಬೆಂಕಿ ಹತ್ತಿದ ಬಟ್ಟೆ ಮೈಗೆ ಅಂಟಿದ್ದರೆ ಕೀಳಬೇಡಿ, ಸುತ್ತಲಿನದನ್ನು ಕತ್ತರಿಸಿ 20 ನಿಮಿಷ ಹರಿಯೋ ತಣ್ಣೀರು ಹಿಡೀರಿ.

ಹಮ್ಮಿಣಿ ಅವರು ಮಾತ್ರೆ ಅಂದರು. ಇನ್ಸುಲಿನ್ ಮೈಗೆ ತಾಗಿಸಿ ಕಟ್ಟಬೇಡಿ, ಮೈಯ ಬಿಸಿಗೆ ಕೆಡುತ್ತೆ. ಅದು ಬ್ಯಾಗಿನಲ್ಲಿ, ಬಟ್ಟೆಯ ನಡುವೆ ಇರಲಿ. ಸೀಟಿಯನ್ನು ಕತ್ತಿಗೆ ದಾರದಲ್ಲಿ ಹಾಕೋದೂ ಬೇಡ, ಮಕ್ಕಳಿಗಂತೂ ಖಂಡಿತ ಬೇಡ. ಕೊಂಬೆಗೋ ಕಂಬಿಗೋ ಸಿಕ್ಕಿದರೆ ಉರುಳು.

ಬರೆಯಂಚು
ದಾದಿ ಮೇಡಂ, ಇದನ್ನು ಮಾತ್ರ ಒಪ್ಪಲಾರೆ. ಮಣ್ಣಿನಡಿ ಸಿಕ್ಕಿದವರ ಕೈ ಸೊಂಟಕ್ಕೆ ಹೋಗಲ್ಲ. ಸೀಟಿ ಬಾಯಿಗೆ ಹತ್ತಿರವಿದ್ದರೆ ಮಾತ್ರ ಉಪಯೋಗ. ಕೂಗಿ ಕೂಗಿ ಗಂಟಲು ಕಟ್ಟಿಹೋಗುತ್ತೆ, ಸೀಟಿಗೆ ಉಸಿರಿದ್ದರೆ ಸಾಕು. ಹುಡುಕುವ ತಂಡದವರು ಯಂತ್ರಗಳನ್ನು ನಿಲ್ಲಿಸಿ, ಎಲ್ಲರನ್ನೂ ಸುಮ್ಮನಾಗಿಸಿ ಕಿವಿಗೊಡೋದು ಇಂಥ ಸದ್ದಿಗೇ.

ಸೂಜಿದಾರ
ಇಬ್ಬರ ಮಾತೂ ನಡೆಯೋ ಹಾಗೆ ಹೊಲಿಯಬಹುದು. ಕೊರಳಿಗೆ ಬೇಡ, ನೈಟಿಯ ಎದೆಪಟ್ಟಿಯ ಒಳಬದಿಗೆ ಎರಡು ಬೆರಳಗಲದ ಕುಣಿಕೆ ಹೊಲಿದು, ಹತ್ತು ಸೆಂ.ಮೀ. ದಾರದಲ್ಲಿ ಸೀಟಿ ಸಿಕ್ಕಿಸಿ. ಗಲ್ಲ ಬಗ್ಗಿಸಿದರೆ ತುಟಿಗೆ ಸಿಗುತ್ತೆ, ಕತ್ತಿಗೆ ಸುತ್ತೋಷ್ಟು ಉದ್ದ ಇಲ್ಲ. ಸೀಟಿ ಗುಂಡಿಲ್ಲದ ಪ್ಲಾಸ್ಟಿಕ್‌ನದಾಗಲಿ. ಒಳಗೆ ಗುಂಡಿರುವುದು ಕೆಸರು ಸೇರಿದರೆ ಊದಲ್ಲ.

ದಾದಿ
ಹತ್ತು ಸೆಂ.ಮೀ. ಆದರೆ ದೊಡ್ಡವರಿಗೆ ಒಪ್ಪುತ್ತೇನೆ. ಮೂರು ಬಾರಿ ಊದಿ, ನಿಲ್ಲಿಸಿ, ಮತ್ತೆ ಮೂರು ಅಂತ ಮನೆಯವರಿಗೆಲ್ಲ ಹೇಳಿಕೊಡಿ. ಐದು ವರ್ಷದೊಳಗಿನ ಮಕ್ಕಳಿಗೆ ಸೀಟಿಯ ಬದಲು ಕಾಲರಿನ ಒಳಗೆ ಅಪ್ಪ ಅಮ್ಮನ ಫೋನ್ ನಂಬರ್ ಬರೆದ ಬಿಳಿ ಪಟ್ಟಿ ಹೊಲಿಯಿರಿ. ಹೆಸರು ಹೊರಗೆ ಕಾಣಬಾರದು, ಅಪರಿಚಿತರು ಹೆಸರು ಹಿಡಿದು ಕರೆದರೆ ಮಗು ಹಿಂದೆ ಹೋಗಿಬಿಡುತ್ತೆ. ಬರೆಯೋಕೆ ಪರ್ಮನೆಂಟ್ ಮಾರ್ಕರ್ ಸಾಕು. ಅಗಸರು ಗುರುತು ಹಾಕುತ್ತಿದ್ದ ಕೇರುಬೀಜದ ರಸ ತೊಳೆದರೂ ಹೋಗಲ್ಲ ನಿಜ, ಆದರೆ ಚರ್ಮಕ್ಕೆ ತಾಗಿದರೆ ಬೊಕ್ಕೆ ಏಳುತ್ತೆ.

ಹಮ್ಮಿಣಿ
ಕತ್ತಲಲ್ಲಿ ಕಾಣುವ ಬಗ್ಗೆ ಯಾರೂ ಹೇಳಲಿಲ್ಲ. ಮಳೆಯ ಜರ್ಕಿನ್ ಬಹಳ ಜನರದು ಕಪ್ಪು. ಕಿತ್ತಳೆ, ನಿಂಬೆ ಬಣ್ಣ ಹಗಲಿಗೆ, ಮುಸ್ಸಂಜೆಗೆ ಒಳ್ಳೆಯದು. ಪೂರ್ತಿ ಕತ್ತಲಾದ ಮೇಲೆ ಟಾರ್ಚ್ ಬೆಳಕನ್ನು ಹಿಂದಕ್ಕೆ ಎಸೆಯುವ ರಿಫ್ಲೆಕ್ಟರ್ ಪಟ್ಟಿಯೇ ಬೇಕು. 5 ಸೆಂ.ಮೀ. ಅಗಲದ್ದು, ಎದೆ ಬೆನ್ನಿಗೆ ಒಂದೊಂದು, ಪ್ಯಾಂಟಿನ ಕಣಕಾಲಿಗೂ ಒಂದು. ಅಲ್ಲಾಡುವ ಕಾಲು ಕಂಡರೆ ಅದು ಮನುಷ್ಯ ಅಂತ ನೋಡಿದವರಿಗೆ ಬೇಗ ತಿಳಿಯುತ್ತದೆ.

ಸೂಜಿದಾರ
ಜರ್ಕಿನ್‌ಗೆ ಹೊಲಿಯಬೇಡಿ, ಸೂಜಿ ತೂತಿಂದ ನೀರು ಇಳಿಯುತ್ತೆ. ಪಂಕ್ಚರ್ ಹಾಕೋ ರಬ್ಬರ್ ಸೊಲ್ಯೂಷನ್ ಎರಡೂ ಕಡೆ ತೆಳ್ಳಗೆ ಸವರಿ, ಐದು ನಿಮಿಷ ಬಿಟ್ಟು ಒತ್ತಿ, ಮೇಲೆ ಭಾರ ಇಟ್ಟು ರಾತ್ರಿಯಿಡೀ ಬಿಡಿ. ಮೊದಲು ಮೂಲೆಯಲ್ಲಿ ಹಚ್ಚಿ ನೋಡಿ, ಕೆಲವು ಜರ್ಕಿನ್‌ನ ಲೇಪ ಅದಕ್ಕೆ ಕರಗುತ್ತೆ. ಪ್ಯಾಂಟಿಗೆ ಮಾತ್ರ ಹೊಲಿಯಿರಿ. ಬ್ರಷ್ ಹಾಕಿ ಉಜ್ಜಿದರೆ ಹೊಳಪು ಹೋಗುತ್ತೆ.

ಹಾಗೇ, ಮೊಬೈಲಿಗೆ ಜಿಪ್ ಲಾಕ್ ಕವರ್ ನಂಬುವ ಮೊದಲು ಒಳಗೆ ಟಿಶ್ಯೂ ಕಾಗದ ಹಾಕಿ, ಸಣ್ಣ ಕಲ್ಲಿಟ್ಟು ಅರ್ಧ ಗಂಟೆ ಬಕೆಟ್ ನೀರಲ್ಲಿ ಮುಳುಗಿಸಿ ನೋಡಿ. ಮಡಿಕೆ ಬಿದ್ದ ಕಡೆ ಸೋರುತ್ತೆ. ಎರಡು ಕವರ್, ಒಂದರ ಬಾಯಿ ಇನ್ನೊಂದರ ತಳಕ್ಕೆ ಬರೋ ಹಾಗೆ ಹಾಕಿ.

ಒಲೆಮುಂದೆ
ನಡೆಯಲಾಗದ ಅಜ್ಜ ಅಜ್ಜಿ ಮನೆಯಲ್ಲಿದ್ದರೆ? ಅವರ ಬಟ್ಟೆ ಬದಲಾಯಿಸಿ ಪ್ರಯೋಜನವಿಲ್ಲ, ಹೊತ್ತೊಯ್ಯಬೇಕು.

ನೀರುದಾರಿ
ಅಲ್ಲಿ ಲುಂಗಿಗೆ ನಿಜವಾದ ಕೆಲಸ ಇದೆ, ಅದರಲ್ಲಿ ಸ್ಟ್ರೆಚರ್ ಮಾಡಬಹುದು. ಎರಡೂ ತುದಿ ಸೇರಿಸಿ ಕೊಳವೆಯ ಥರ ಹೊಲಿದ ಎರಡು ಹತ್ತಿ ಲುಂಗಿ, ಕೈಹಿಡಿಕೆಗೂ ಜಾಗ ಉಳಿಯುವಂತೆ ಎಂಟಡಿಯ ಎರಡು ಗಟ್ಟಿ ಬಿದಿರು. ಹೊಲಿಗೆ ಹಳೇದಾಗಿದ್ದರೆ ಈಗಲೇ ಎರಡು ಸಾಲು ಹೊಸದಾಗಿ ಹಾಕಿಸಿಡಿ. ಲುಂಗಿಗಳನ್ನು ಒಂದರೊಳಗೆ ಒಂದು ಎರಡು ಗೇಣು ಹೊಗಿಸಿ, ಆ ಜೋಡು ಪದರ ಸೊಂಟದ ಕೆಳಗೆ ಬರಲಿ. ಬಿದಿರನ್ನು ಒಳಗೆ ತೂರಿಸಿ, ನಡುವಿನ ಅಗಲ ಎರಡಡಿ ಆಗುವವರೆಗೆ ಬಟ್ಟೆಯನ್ನು ಕೋಲಿಗೆ ಸುತ್ತುತ್ತಾ ಬನ್ನಿ. ಸುತ್ತದೆ ಬಿಟ್ಟರೆ ಜೋಲಿಯ ಥರ ಕುಸಿದು ಕೋಲುಗಳು ಮೈಗೆ ಒತ್ತುತ್ತೆ. ತಲೆಯ ಕಡೆ, ಕಾಲಿನ ಕಡೆ ಒಂದೊಂದು ಅಡ್ಡಕೋಲು ಕಟ್ಟಿ. ಮೊದಲು ಮನೆಯ ಗಟ್ಟಿಮುಟ್ಟಾದ ಒಬ್ಬರನ್ನು ಮಲಗಿಸಿ ಮೊಣಕಾಲೆತ್ತರಕ್ಕೆ ಎತ್ತಿ ನೋಡಿ, ಹೊಲಿಗೆ ಬಿಡೋದಾದರೆ ಆಗಲೇ ಬಿಡುತ್ತೆ. ಹೊರೋಕೆ ನಾಲ್ವರು ಬೇಕು. ಇಳಿಜಾರು ಇಳಿಯುವಾಗ ಕಾಲಿನ ಕಡೆ ಮುಂದಿರಲಿ.