ಪದಚರ್ಚೆ: ಬೇಟೆ ಕಲಿಯುವವರ ಕೈಪಿಡಿಗೆ ಬಳಕೆಯ ಪದಗಳು

ಪ್ರಶ್ನೆ:

ಎಲ್ಲರಿಗೂ ನಮಸ್ಕಾರ. ದೊಡ್ಡವರಾದ ಮೇಲೆ ಮೊದಲ ಸಲ ಬೇಟೆ ಕಲಿಯುವವರಿಗೆಂದು ಅಮೆರಿಕದಲ್ಲಿ ಬರೆದ ಒಂದು ಕೈಪಿಡಿಯನ್ನು ಮೈಸೂರಿನಲ್ಲಿ ಕೂತು ಕನ್ನಡಕ್ಕೆ ತರುತ್ತಿದ್ದೇನೆ. ಅಲ್ಲಿ ನೆಲೆಸಿರುವ ಕನ್ನಡದವರು ಓದಲಿ ಎಂದು ಮಾಡುತ್ತಿರುವ ಕೆಲಸ. ಬಿಳಿಬಾಲದ ಜಿಂಕೆಯ ಬೇಟೆಯೇ ಅದರ ಮುಖ್ಯ ವಿಷಯ. ಟ್ರೀ ಸ್ಟ್ಯಾಂಡ್, ಡ್ರೈವ್, ಶಾಟ್ ಪ್ಲೇಸ್‌ಮೆಂಟ್, ಬ್ಲಡ್ ಟ್ರೇಲ್, ಫೀಲ್ಡ್ ಡ್ರೆಸಿಂಗ್, ಹಾರ್ವೆಸ್ಟ್ ಇವುಗಳಿಗೆ ಏನು ಹೇಳೋಣ? ನಿಘಂಟು ಕೊಡುವ ಪದ ಓದುವಾಗ ತೊಡಕುತ್ತದೆ. ಜನ ಆಡುವ ಮಾತು ಬೇಕು.

ಉತ್ತರ:

ಮೇಡಂ, ನಮಸ್ಕಾರ. ನೀವು ಕೇಳಿದ ಬಹುಪಾಲು ಪದಗಳು ಕನ್ನಡದಲ್ಲಿ ಆಗಲೇ ಇವೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆಯನ್ನು ನಿಲ್ಲಿಸಿತು, ಮಾತು ಮಾತ್ರ ನಿಲ್ಲಲಿಲ್ಲ. ಹೊಲ ಕಾಯುವವರ, ಕಾಡಂಚಿನ ಊರುಗಳ ಹಿರಿಯರ ಬಾಯಲ್ಲಿ ಇನ್ನೂ ಓಡಾಡುತ್ತಿದೆ. ಆದರೆ ಒಂದು ಇಂಗ್ಲಿಷ್ ಪದಕ್ಕೆ ಒಂದು ಕನ್ನಡ ಪದ ಎಂದು ಹುಡುಕಲು ಹೋದರೆ ಕೈ ತಪ್ಪುತ್ತದೆ. ಕಲಿಯುವವರು ಆ ಹೊತ್ತಿನಲ್ಲಿ ಏನು ಮಾಡುತ್ತಾರೆ ಎಂದು ಕೇಳಿಕೊಂಡರೆ ಪದ ತಾನಾಗಿ ಬರುತ್ತದೆ.

ಮೊದಲು ಟ್ರೀ ಸ್ಟ್ಯಾಂಡ್, ಅಂದರೆ ಬೇಟೆಗಾರರು ಮರದ ಮೇಲೆ ಕೂತು ಕಾಯುವ ಜಾಗ. ಎಚ್.ಡಿ. ಕೋಟೆ, ಹುಣಸೂರು ಕಡೆ ರಾಗಿ, ಜೋಳದ ಹೊಲಕ್ಕೆ ಹಂದಿ, ಆನೆ ಬರದಂತೆ ರಾತ್ರಿ ಕಾಯಲು ಕಟ್ಟುವುದು ಅಟ್ಟಣೆ. ಅದನ್ನೇ ಬಳಸಿ. ಅಟ್ಟಣೆ ಎಂದರೆ ಜಾಗ, ಅಲ್ಲಿ ಅಡಗಿ ಕೂರುವುದು ಮರಸು. ‘ಮರಸಿಗೆ ಕೂರುವುದು’ ಮಲೆನಾಡಿನ ಕಡೆಯ ಮಾತು. ಮರದ ಮೇಲೆ ಕೂರುವುದರಿಂದ ಮರಸು ಎಂದು ಎಷ್ಟೋ ಜನ ತಿಳಿಯುತ್ತಾರೆ. ಆದರೆ ಮರಸು ಎಂಬುದು ಅಡಗಿಸು ಎಂಬ ಅರ್ಥದ ಹಳೆಯ ಕ್ರಿಯಾಪದವೂ ಹೌದು. ಹಾಗಾಗಿ ನೆಲದ ಮೇಲೆ ಸೊಪ್ಪಿನ ಮರೆ ಕಟ್ಟಿ ಕೂರುವುದಕ್ಕೂ ಒಪ್ಪುತ್ತದೆ. ‘ಹೊಂಚು’ ಬೇಡ. ಹೊಂಚು ಹಾಕುವುದು ಎಂದರೆ ನಮ್ಮಲ್ಲಿ ಕಳ್ಳನ ನೆನಪು ಮೊದಲು ಬರುತ್ತದೆ.

ಇದೇ ಅಧ್ಯಾಯದಲ್ಲಿ ಅನುವಾದ ತಪ್ಪಿದರೆ ಓದುಗರ ಸೊಂಟ ಮುರಿಯುವ ಒಂದು ಭಾಗ ಇರುತ್ತದೆ, ಅದು ಹತ್ತುವುದು ಇಳಿಯುವುದು. ತೊಡೆ, ಸೊಂಟ, ಹೆಗಲು ಮೂರನ್ನೂ ಹಿಡಿಯುವ ಸುರಕ್ಷಾ ಪಟ್ಟಿ ಹಾಕಿ, ನೆಲದ ಮೇಲಿರುವಾಗಲೇ ಹಗ್ಗಕ್ಕೆ ಕೊಂಡಿ ಸಿಕ್ಕಿಸಬೇಕು. ಸೊಂಟಕ್ಕೆ ಮಾತ್ರ ಕಟ್ಟುವ ಬೆಲ್ಟು ಸಾಲದು. ಎರಡು ಕೈ ಒಂದು ಕಾಲು, ಇಲ್ಲವೇ ಎರಡು ಕಾಲು ಒಂದು ಕೈ ಸದಾ ಏಣಿಯ ಮೇಲಿರಬೇಕು. ಕೋವಿ ಹೆಗಲಿಗೇರಿಸಿಕೊಂಡು ಹತ್ತುವ ಹಾಗಿಲ್ಲ. ತೋಟಾ ತೆಗೆದು, ನಳಿಗೆಯ ಬಾಯಿ ಕೆಳಗಿರುವಂತೆ ಹಗ್ಗಕ್ಕೆ ಕಟ್ಟಿ, ಮೇಲೆ ಹೋಗಿ ಭದ್ರವಾಗಿ ಕೂತ ಮೇಲೆ ಅದನ್ನು ಸೇದಿಕೊಳ್ಳಬೇಕು. ಇಲ್ಲಿ ‘ಎಳೆದುಕೊಳ್ಳಿ’ ಅನ್ನುವುದಕ್ಕಿಂತ ‘ಸೇದಿಕೊಳ್ಳಿ’ ಸರಿ. ಬಾವಿ ಕಂಡವರಿಗೆ ಕೈ ಹೇಗೆ ಆಡಬೇಕು ಎನ್ನುವುದೂ ಆ ಒಂದು ಮಾತಲ್ಲೇ ತಿಳಿಯುತ್ತದೆ.

ಗಾಳಿಯ ವಿಷಯದಲ್ಲಿ ‘ಕೆಳಗಾಳಿ’, ‘ಮೇಲ್ಗಾಳಿ’ ಎಂದು ಹೊಸ ಪದ ಕಟ್ಟಬೇಡಿ. ನಮ್ಮವರಿಗೆ ಗಾಳಿ ಎಂದರೆ ಮೂಡಗಾಳಿ, ಪಡುವಗಾಳಿ. ‘ಗಾಳಿ ಜಿಂಕೆಯ ಕಡೆಯಿಂದ ನಿಮ್ಮ ಮುಖಕ್ಕೆ ಬೀಸುವಂತೆ ಕೂರಿ’ ಎಂದು ಬಿಡಿಸಿ ಬರೆದರೆ ತಪ್ಪಿಗೆ ಎಡೆಯಿಲ್ಲ. ಹಾಗೆ ಕೂತರೆ ನಿಮ್ಮ ವಾಸನೆ ಜಿಂಕೆಗೆ ತಾಗುವುದಿಲ್ಲ. ಚಿಟಿಕೆ ಬೂದಿ ಉದುರಿಸಿದರೆ ಗಾಳಿಯ ದಿಕ್ಕು ಗೊತ್ತಾಗುತ್ತದೆ. ಇಳಿಜಾರಿನಲ್ಲಿ ಬಿಸಿಲೇರಿದಂತೆ ಗಾಳಿ ಮೇಲಕ್ಕೆ, ಸಂಜೆ ತಣ್ಣಗಾದಂತೆ ಕೆಳಕ್ಕೆ ಹರಿಯುತ್ತದೆ. ಬೆಳಗ್ಗೆ ಒಪ್ಪುವ ಅಟ್ಟಣೆ ಸಂಜೆಗೆ ಒಪ್ಪದಿರುವುದು ಅದಕ್ಕೇ.

ಡ್ರೈವ್‌ಗೆ ಸೋವು. ಅಟ್ಟು, ಓಡಿಸು ಎಂಬ ಅರ್ಥದಲ್ಲಿ ಹಳಗನ್ನಡದಿಂದ ಬಂದಿರುವ ಪದ. ಮಲೆನಾಡಿನಲ್ಲಿ ‘ಹಳು ಸೋವುವುದು’ ಎನ್ನುತ್ತಾರೆ, ಹಳು ಎಂದರೆ ಪೊದೆಗಾಡು. ಮೈಸೂರಿನವರಿಗೆ ಸೋವು ಎಂದೊಡನೆ ಕಾಕನಕೋಟೆಯ ಖೆಡ್ಡಾ ನೆನಪಾಗಬಹುದು. ಅಲ್ಲಿಯೂ ಆನೆಗಳನ್ನು ಸೋವಿಯೇ ತರುತ್ತಿದ್ದರು. ಆದರೆ 1971ರಲ್ಲಿ ಕೊನೆಯ ಸಲ ನಡೆದ ಆ ಖೆಡ್ಡಾ ಜೀವಂತ ಹಿಡಿಯುವ ಕೆಲಸ, ಅದನ್ನು ಡ್ರೈವ್‌ಗೆ ಬಳಸುವುದು ತಪ್ಪು. ಸೋವಿಕೊಂಡು ಬರುವ ಪ್ರಾಣಿಗೆ ಎದುರು ಕಾಯುವ ಜಾಗವನ್ನು ಮಲೆನಾಡಿನವರು ಬಿಲ್ಲು ಎನ್ನುತ್ತಾರೆ. ಒಳ್ಳೆಯ ಪದವೇ. ಆದರೆ ನಿಮ್ಮ ಕೈಪಿಡಿಯಲ್ಲಿ ಬಿಲ್ಲು ಬಾಣದ ಬೇಟೆಯೂ ಇದ್ದರೆ ಗೊಂದಲವಾಗುತ್ತದೆ. ‘ಕಾಯುವ ಜಾಗ’ ಎಂದೇ ಬಿಡಿ. ಯಾರು ಯಾವ ದಿಕ್ಕಿಗೆ ಮಾತ್ರ ಈಡು ಹೊಡೆಯಬಹುದು ಎಂದು ಮೊದಲೇ ಗೆರೆ ಹಾಕಿಕೊಳ್ಳಬೇಕೆಂಬ ಮಾತನ್ನು ದಪ್ಪ ಅಕ್ಷರದಲ್ಲಿ ಹಾಕಿಸಿ, ಏಕೆಂದರೆ ಸೋವುವವರು ಬರುವುದು ಗುರಿಯ ಆಚೆ ಬದಿಯಿಂದಲೇ. ಹೊಳೆಯುವ ಕಿತ್ತಳೆ ಬಟ್ಟೆ ತೊಡಿಸುವುದೂ ಇದಕ್ಕೆ. ಮನುಷ್ಯರ ಕಣ್ಣಿಗೆ ಅದು ದೂರದಿಂದ ರಾಚುತ್ತದೆ, ಜಿಂಕೆಗೆ ಆ ಬಣ್ಣ ಎದ್ದು ಕಾಣುವುದಿಲ್ಲ.

ಇನ್ನು ಈಡು. ಈ ಒಂದು ಪದವನ್ನು ದಯವಿಟ್ಟು ಕೈಬಿಡಬೇಡಿ. ಗುಂಡು ವಸ್ತು, ಗುರಿ ನೋಟ, ಈಡು ಎಂದರೆ ಹೊಡೆದ ಒಂದು ಹೊಡೆತ. ಶಾಟ್ ಪ್ಲೇಸ್‌ಮೆಂಟ್ ಎಂದರೆ ‘ಈಡು ಬೀಳಬೇಕಾದ ಜಾಗ’. ‘ಗುಂಡಿನ ನಿಯೋಜನೆ’ ಎಂದು ಬರೆದರೆ ಪೊಲೀಸ್ ಬಂದೋಬಸ್ತಿನ ಸುದ್ದಿಯಾಗುತ್ತದೆ. ಜಿಂಕೆ ಅಡ್ಡಕ್ಕೆ ನಿಂತಿರುವಾಗ ಮುಂಗಾಲಿನ ಹಿಂಬದಿಯ ಗೆರೆ ಹಿಡಿದು ಎದೆಯ ಕೆಳಗಿನಿಂದ ಮೇಲಕ್ಕೆ ಮೂರನೇ ಒಂದು ಪಾಲು ಹೋದರೆ ಆ ಜಾಗ ಸಿಗುತ್ತದೆ. ಅಲ್ಲಿ ಎರಡೂ ಶ್ವಾಸಕೋಶ, ಅವುಗಳ ಅಡಿಗೆ ಗುಂಡಿಗೆ. ಓರೆಯಾಗಿ ಆಚೆಗೆ ಮುಖ ಮಾಡಿದ್ದರೆ, ಗುಂಡು ಹೊರಬೀಳುವುದು ಆಚೆಯ ಮುಂಗಾಲಿನ ಹತ್ತಿರ ಎಂದು ಲೆಕ್ಕ ಹಾಕಿ ಹಿಂದಕ್ಕೆ ಗುರಿ ಇಡಬೇಕು. ಅಟ್ಟಣೆಯಿಂದ ಕೆಳಕ್ಕೆ ಹೊಡೆಯುವಾಗ ಜಿಂಕೆ ತೀರ ಬುಡಕ್ಕೆ ಬಂದರೆ ಒಂದೇ ಶ್ವಾಸಕೋಶಕ್ಕೆ ತಾಗಿ ತಪ್ಪಿಸಿಕೊಳ್ಳುವ ಸಂಭವ ಹೆಚ್ಚು, ಅದು ತುಸು ದೂರ ಸರಿಯುವವರೆಗೆ ಕಾಯುವುದೇ ಸರಿ. ಎದುರಿಗೆ ಮುಖ ಮಾಡಿದ್ದು, ಹಿಂಭಾಗ ತೋರಿಸಿದ್ದು, ಓಡುತ್ತಿರುವುದು, ಈ ಮೂರೂ ಹೊಸಬರಿಗಲ್ಲ. ತಲೆಗೆ ಹೊಡೆಯುವುದಂತೂ ಬೇಡವೇ ಬೇಡ. ಅದು ತಲೆ ಆಡಿಸುತ್ತಲೇ ಇರುತ್ತದೆ. ಅಂಗುಲ ತಪ್ಪಿ ದವಡೆ ಮುರಿದರೆ ಮೇಯಲಾರದೆ ದಿನಗಟ್ಟಲೆ ನರಳಿ ಸಾಯುತ್ತದೆ.

ಬ್ಲಡ್ ಟ್ರೇಲ್‌ಗೆ ರಕ್ತದ ಜಾಡು. ಹೆಜ್ಜೆ, ಹಿಕ್ಕೆ, ಮುರಿದ ಕಡ್ಡಿ ಎಲ್ಲ ಸೇರಿ ಜಾಡು. ಈಡಿನ ನಂತರ ಕೂತಲ್ಲೇ ಕೂತು, ಜಿಂಕೆ ನಿಂತಿದ್ದ ಜಾಗ, ಕೊನೆಗೆ ಕಾಣೆಯಾದ ಜಾಗ ಎರಡನ್ನೂ ಮನಸ್ಸಿನಲ್ಲಿ ಗುರುತು ಹಾಕಿಕೊಳ್ಳಬೇಕು. ಆಮೇಲೆ ನೆತ್ತರಿನ ಬಣ್ಣ ನೋಡಬೇಕು. ನೊರೆ ನೊರೆಯಾದ ತಿಳಿಗೆಂಪು ಶ್ವಾಸಕೋಶದ್ದು, ಅರ್ಧ ಗಂಟೆ ಬಿಟ್ಟು ಹೊರಟರೆ ಸಾಕು. ಕಪ್ಪುಗೆಂಪಾದರೆ ಈಲಿಯದು (ಲಿವರ್), ನಾಲ್ಕು ಗಂಟೆಯಾದರೂ ಕಾಯಬೇಕು. ಹಸಿರು ಬೆರೆತು ನಾತ ಬಂದರೆ ಈಡು ಹೊಟ್ಟೆಗೆ ಬಿದ್ದಿದೆ, ಎಂಟರಿಂದ ಹನ್ನೆರಡು ಗಂಟೆ ಬೇಕು. ಬೇಗ ಬೆನ್ನು ಹತ್ತಿದರೆ ಪಕ್ಕದಲ್ಲೇ ಮಲಗುತ್ತಿದ್ದ ಪ್ರಾಣಿ ಎದ್ದು ಮೈಲಿ ದೂರ ಹೋಗಿಬಿಡುತ್ತದೆ, ಹೊಟ್ಟೆಯ ಗಾಯ ಹನಿ ಬಿಡುವುದೂ ಕಡಿಮೆ. ಇಲ್ಲಿ ‘ಜಠರ ಮತ್ತು ಕರುಳಿನ ಭಾಗ’ ಎಂದು ಬರೆಯುವ ಬದಲು ‘ಬೋಟಿಗೆ ಬಿದ್ದ ಈಡು’ ಎನ್ನಿ. ಮಂಡ್ಯ, ಮೈಸೂರಿನ ಮಟನ್ ಅಂಗಡಿಯ ಮುಂದೆ ನಿಂತವರಿಗೆ ವಿವರಣೆಯೇ ಬೇಡ. ಜಾಡಿನ ಮೇಲೆ ಕಾಲಿಡದೆ ಪಕ್ಕದಲ್ಲಿ ನಡೆಯುತ್ತ, ಕಂಡ ಪ್ರತಿ ಹನಿಯ ಹತ್ತಿರ ಕಾಗದದ ಚೂರು ಸಿಕ್ಕಿಸುತ್ತ ಹೋಗಬೇಕು. ಜಾಡು ಕಡಿದರೆ ಹಿಂತಿರುಗಿ ನೋಡಿ, ಆ ಚೂರುಗಳ ಸಾಲೇ ದಿಕ್ಕು ತೋರಿಸುತ್ತದೆ.

ಫೀಲ್ಡ್ ಡ್ರೆಸಿಂಗ್‌ಗೆ ಹಸಿಗೆ ಎಂದು ಹಾಕುವ ಆಸೆಯಾಗುತ್ತದೆ, ಆದರೆ ಅದು ಪೂರ್ತಿ ಹೊಂದುವುದಿಲ್ಲ. ಹಸಿಗೆ ಎಂದರೆ ಸುಲಿದು, ಕಡಿದು, ಪಾಲು ಹಾಕುವವರೆಗಿನ ಎಲ್ಲ ಕೆಲಸ. ಹಳಗನ್ನಡದ ಪಸುಗೆಗೆ ಹಂಚಿಕೆ ಎಂದೇ ಅರ್ಥ. ಕೈಪಿಡಿ ಹೇಳುತ್ತಿರುವುದು ಬಿದ್ದ ಜಾಗದಲ್ಲೇ ಒಳಗಿನದನ್ನು ಹೊರತೆಗೆಯುವುದನ್ನು ಮಾತ್ರ. ಅದಕ್ಕೆ ‘ಕರುಳು ತೆಗೆಯುವುದು’ ಸಾಕು, ಹಸಿಗೆಯನ್ನು ಮುಂದಿನ ಅಧ್ಯಾಯಕ್ಕೆ ಉಳಿಸಿಕೊಳ್ಳಿ. ಚಾಕುವಿನ ಅಲಗು ಮೇಲ್ಮುಖವಾಗಿರಲಿ, ಎರಡು ಬೆರಳಿನಿಂದ ಚರ್ಮ ಎತ್ತಿ ಹಿಡಿದು ಕೊಯ್ದರೆ ಬೋಟಿ ಒಡೆಯುವುದಿಲ್ಲ. ಒಡೆದರೆ, ಇಲ್ಲವೇ ಮೂತ್ರಚೀಲ ಹರಿದರೆ ಮಾಂಸ ಕೆಡುತ್ತದೆ. ವಪೆಯನ್ನು ಪಕ್ಕೆಲುಬಿನ ಉದ್ದಕ್ಕೂ ಬಿಡಿಸಿ, ಉಸಿರುನಾಳವನ್ನು ಆದಷ್ಟು ಮೇಲಕ್ಕೆ ಕತ್ತರಿಸಿದರೆ ಎಲ್ಲ ಒಟ್ಟಿಗೆ ಬರುತ್ತದೆ. ಇಲ್ಲಿ ವಪೆ ಶಾಲೆಯ ಪುಸ್ತಕದ ಪದವಾದರೂ ಇರಲಿ, ಬೇರೆ ಸುಲಭದ ಮಾತಿಲ್ಲ. ಎದೆಗೂ ಹೊಟ್ಟೆಗೂ ನಡುವಿನ ತೆಳು ಪರದೆ ಎಂದು ಒಮ್ಮೆ ಬಿಡಿಸಿ ಹೇಳಿ.

ಕಡೆಯದು ಹಾರ್ವೆಸ್ಟ್, ಬೇಟೆಯಲ್ಲಿ ಪ್ರಾಣಿ ಕೊಂದದ್ದಕ್ಕೆ ಅಲ್ಲಿಯವರ ಮಾತು. ಕೊಯ್ಲು, ಕಟಾವು ಎರಡೂ ಬೇಡ. ಕಟಾವು ಎಂದರೆ ಮಂಡ್ಯದಲ್ಲಿ ಕಬ್ಬು, ಫ್ಯಾಕ್ಟರಿಯ ಪರ್ಮಿಟ್ಟು, ಗಾಡಿ. ಜೀವ ಹೋದದ್ದನ್ನು ಬೆಳೆಯ ಮಾತಿನಲ್ಲಿ ಮುಚ್ಚುವುದು ಕನ್ನಡದ ರೂಢಿಯಲ್ಲ. ‘ಜಿಂಕೆ ಹೊಡೆದರು’, ‘ಬೇಟೆ ಬಿತ್ತು’ ಎನ್ನಿ. ಇಲಾಖೆಗೆ ಕೊಡುವ ಫಾರಂ ಬಂದಲ್ಲಿ ‘ಹೊಡೆದ ಪ್ರಾಣಿಯ ವರದಿ’.

ಮರುಪ್ರಶ್ನೆ:

ತುಂಬಾ ಉಪಕಾರವಾಯಿತು ಸರ್. ಎರಡು ಉಳಿದಿವೆ. ಪುಸ್ತಕ ಕನ್ನಡದಲ್ಲಿ ಬರುವುದರಿಂದ ಇಲ್ಲಿಯವರ ಕೈಗೂ ಸಿಗುತ್ತದೆ, ಮೊದಲ ಪುಟದಲ್ಲಿ ಏನು ಹಾಕಲಿ? ಲೈಸೆನ್ಸ್, ಟ್ಯಾಗ್ ಎರಡಕ್ಕೂ ಪರವಾನಗಿ ಎನ್ನಬಹುದೇ?

ಉತ್ತರ:

ಮೊದಲ ಪುಟದಲ್ಲಿ, ಇಲ್ಲಿ ಬೇಟೆಗೆ ಅವಕಾಶವಿಲ್ಲ ಎಂಬ ಎರಡು ಸಾಲು ಖಂಡಿತ ಬೇಕು. ನಮ್ಮ ಕಾಯ್ದೆಯಲ್ಲಿ ಬೇಟೆ ಎಂದರೆ ಕೊಲ್ಲುವುದು ಮಾತ್ರವಲ್ಲ. ಹಿಡಿಯುವುದು, ಉರುಳು ಒಡ್ಡುವುದು, ಸೋವುವುದು, ಆಮಿಷ ಇಡುವುದು, ಹಾಗೆ ಮಾಡಲು ಯತ್ನಿಸುವುದು ಎಲ್ಲವೂ ಅದರೊಳಗೆ ಬರುತ್ತವೆ. ಹಂದಿಗೆಂದು ಬೇಲಿಗೆ ಹಾಕಿದ ಉರುಳಿಗೆ ಚಿರತೆ ಬೀಳುವುದು ನಮ್ಮ ಕಡೆ ಹೊಸದಲ್ಲ. ಹಾಗಾಗಿ ‘ಪರವಾನಗಿ ಪಡೆದು’ ಎಂದು ಬರಿದೇ ಬರೆಯದೆ, ‘ಅಮೆರಿಕದ ಆಯಾ ರಾಜ್ಯದ ಪರವಾನಗಿ ಪಡೆದು, ಅಲ್ಲಿಯ ಋತುವಿನಲ್ಲಿ’ ಎಂದು ಪ್ರತಿ ಸಲವೂ ಪೂರ್ತಿ ಬರೆಯಿರಿ.

ಟ್ಯಾಗನ್ನು ಟ್ಯಾಗ್ ಎಂದೇ ಇಡಿ. ಪರವಾನಗಿ ಬೇಟೆಗಾರರದು, ಟ್ಯಾಗ್ ಒಂದೊಂದು ಜಿಂಕೆಯದು. ಎರಡಕ್ಕೂ ಒಂದೇ ಪದ ಹಾಕಿದರೆ, ಒಂದು ಪರವಾನಗಿಯಲ್ಲಿ ಎಷ್ಟಾದರೂ ಹೊಡೆಯಬಹುದು ಎಂದು ಓದಿಕೊಳ್ಳುವವರು ಇರುತ್ತಾರೆ. ಮೊದಲ ಸಲ ಬರುವಲ್ಲಿ ‘ಹೊಡೆದ ಜಿಂಕೆಗೆ ಕಟ್ಟುವ ಸರ್ಕಾರಿ ಚೀಟಿ’ ಎಂದು ಹೇಳಿ, ಕರುಳು ತೆಗೆಯುವ ಪುಟದಲ್ಲಿ ಚಾಕುವಿನ ಮಾತಿಗಿಂತ ಮುಂಚೆ ಅದನ್ನು ತುಂಬುವ, ಕಟ್ಟುವ ಕ್ರಮವನ್ನು ಇನ್ನೊಮ್ಮೆ ಹಾಕಿ.