ಶೆಟ್ಟರ ಗಲ್ಲಾಪೆಟ್ಟಿಗೆಯೂ ಯುಪಿಎಸ್ ಪುರಾಣವೂ

ಮಾಟುಂಗಾದಲ್ಲಿರುವ ಶೆಟ್ಟರ ಹೋಟೆಲಿನಲ್ಲಿ ಆದಿತ್ಯವಾರ ಸಂಜೆ ಸೇರುವ ನಮ್ಮ ಮಂಡಳಿಯ ಬಾಯಿಗೆ ಈ ಸಲ, ಕರೆಂಟು ಹೋದಾಗ ಕಂಪ್ಯೂಟರು ನಿಲ್ಲದಂತೆ ಕಾಯುವ ಬ್ಯಾಟರಿ ಪೆಟ್ಟಿಗೆಯಾದ ಯುಪಿಎಸ್ ಸಿಕ್ಕಿತು.

"ಇನ್ವರ್ಟರ್ ಇದ್ದ ಮೇಲೆ ಯುಪಿಎಸ್ ಬೇರೆ ಏತಕ್ಕೆ? ಎರಡರ ಹೊಟ್ಟೆಯಲ್ಲಿಯೂ ಇರುವುದು ಬ್ಯಾಟರಿಯೇ ತಾನೇ?" ಎಂದು ಶೆಟ್ಟರು ಕೆಣಕಿದರು.

ಕಾಮತರು ಲೋಟ ಕೆಳಗಿಟ್ಟರು. (ಅವರು ನಿವೃತ್ತರಾದದ್ದು ಎಂಜಿನಿಯರ್ ಹುದ್ದೆಯಿಂದ ಮಾತ್ರ, ಉಪನ್ಯಾಸದಿಂದಲ್ಲ.) "ಶೆಟ್ಟರೇ, ಇನ್ವರ್ಟರ್ ಎಚ್ಚೆತ್ತುಕೊಳ್ಳುವಷ್ಟರಲ್ಲಿ ಕರೆಂಟು ಕ್ಷಣಕಾಲ ತಪ್ಪಿದರೂ ನಿಮ್ಮ ಫ್ಯಾನು ಹಳೆಯ ವೇಗದಲ್ಲಿಯೇ ತಿರುಗುತ್ತಿರುತ್ತದೆ, ಕಂಪ್ಯೂಟರಿಗೆ ಅಷ್ಟು ತಾಳ್ಮೆಯಿಲ್ಲ. ನಮ್ಮ 50 ಹರ್ಟ್ಸ್ ಕರೆಂಟಿನ ಒಂದು ಆವರ್ತಕ್ಕೆ ಹಿಡಿಯುವುದು 20 ಮಿಲಿಸೆಕೆಂಡು. ಸಾದಾ ಯುಪಿಎಸ್ ಸಾಮಾನ್ಯವಾಗಿ ಅದರ ಅರ್ಧದೊಳಗೇ ಬ್ಯಾಟರಿಗೆ ದಾಟಿಬಿಡುವುದರಿಂದ ಕಂಪ್ಯೂಟರಿಗೆ ಸುದ್ದಿಯೇ ಮುಟ್ಟುವುದಿಲ್ಲ."

"ಆಸ್ಪತ್ರೆಯ ಯಂತ್ರಗಳಿಗೂ ಇದೇ ಸಾಕೇ?" ಎಂದರು ಸುಮತಿಯಕ್ಕ.

"ಅಲ್ಲಿಗೆ, ದೊಡ್ಡ ಸರ್ವರುಗಳಿಗೆ ಕೂಡ, ಆನ್‌ಲೈನ್ ಯುಪಿಎಸ್ ಬೇಕು. ಅದು ಮಡಿ ಅಜ್ಜಿಯ ಅಡುಗೆಮನೆಯಿದ್ದಂತೆ, ಹೊರಗಿನದನ್ನು ನೇರವಾಗಿ ಒಳಗೆ ಬಿಡುವುದಿಲ್ಲ. ಬಂದ ಎಸಿಯನ್ನು, ಅಂದರೆ ಹಿಂದೆಮುಂದೆ ಓಡುವ ಕರೆಂಟನ್ನು, ಒಂದೇ ದಿಕ್ಕಿಗೆ ಹರಿಯುವ ಡಿಸಿಯಾಗಿಸಿ, ಆ ಡಿಸಿಯಿಂದ ಹೊಸದಾಗಿ 230 ವೋಲ್ಟಿನ ಎಸಿಯನ್ನು ತಯಾರಿಸಿ ಬಡಿಸುತ್ತದೆ. ಬ್ಯಾಟರಿ ನಡುವಿನ ಡಿಸಿಗೇ ಜೋಡಣೆಯಾಗಿರುವುದರಿಂದ ದಾಟುವ ಪ್ರಶ್ನೆಯೇ ಇಲ್ಲ, ಹೊರಗೆ ವೋಲ್ಟೇಜು ಕುಣಿದಾಡಿದರೂ ಯಂತ್ರದವರೆಗೆ ಅದು ಬರುವುದಿಲ್ಲ."

"2020ರ ಅಕ್ಟೋಬರ್ 12ರಂದು ಮುಂಬೈಗೆ ಮುಂಬೈಯೇ ಕರೆಂಟಿಲ್ಲದೆ ಕುಳಿತು ಲೋಕಲ್ ರೈಲುಗಳು ನಿಂತವು, ಆದರೆ ಶೇರುಪೇಟೆಯ ವ್ಯವಹಾರ ನಿಲ್ಲಲಿಲ್ಲ," ಎಂದು ಸುಮತಿಯಕ್ಕ ನೆನಪಿಸಿದರು. "ಅಷ್ಟು ಹೊತ್ತು ಬ್ಯಾಟರಿಯೊಂದೇ ಎಳೆಯುವುದುಂಟೇ?"

"ಎಳೆಯಬೇಕಾಗಿಲ್ಲ. ಅಂಥ ಕಡೆ ಜನರೇಟರ್ ಹೊತ್ತಿಕೊಂಡು ಹದಕ್ಕೆ ಬರುವವರೆಗಿನ ಸ್ವಲ್ಪ ಸಮಯವನ್ನು ತುಂಬುವುದೇ ಯುಪಿಎಸ್‌ನ ಕೆಲಸ."

ಶೆಟ್ಟರ ಮುಖ ಅರಳಿತು. "ಹಾಗಾದರೆ ಬಿಲ್ಲಿನ ಕಂಪ್ಯೂಟರಿನ ಯುಪಿಎಸ್‌ಗೆ ನಮ್ಮ ಚಟ್ನಿಯ ಮಿಕ್ಸಿಯನ್ನೂ ಸಿಕ್ಕಿಸಬಹುದಲ್ಲ!"

ಕಾಮತರಿಗೆ ಕಾಫಿ ನೆತ್ತಿಗೇರಿತು. "600 ವಿಎ (ವೋಲ್ಟ್-ಆಂಪಿಯರ್) ಎಂದು ಬರೆದ ಪೆಟ್ಟಿಗೆ ಸಾಮಾನ್ಯವಾಗಿ ಹೊರುವುದು 360 ವ್ಯಾಟಿನಷ್ಟು. 750 ವ್ಯಾಟಿನ ಮಿಕ್ಸಿ ಹಾಕಿದರೆ ಚಟ್ನಿಯೂ ಇಲ್ಲ, ಬಿಲ್ಲೂ ಇಲ್ಲ. ಅಂದ ಹಾಗೆ, ಆ ಪೆಟ್ಟಿಗೆಯನ್ನು ಎಲ್ಲಿಟ್ಟಿದ್ದೀರಿ?"

"ದೋಸೆ ಕಾವಲಿಯ ಪಕ್ಕದಲ್ಲಿ. ಗಲ್ಲಾದಲ್ಲಿ ಜಾಗವಿಲ್ಲ ನೋಡಿ."

"ರಾಮಾ! ಸೀಸದ ಬ್ಯಾಟರಿಗೆ 25 ಡಿಗ್ರಿ ಹಿತ. ಅದರ ಮೇಲೆ ಪ್ರತಿ 10 ಡಿಗ್ರಿಗೆ ಆಯುಷ್ಯ ಸುಮಾರು ಅರ್ಧಕ್ಕಿಳಿಯುತ್ತದೆ. ಕೀ ಕೀ ಎಂದು ಕೂಗುತ್ತಿಲ್ಲವೇ?"

"ಬಹಳ ದಿನ ಕೂಗುತ್ತಿತ್ತು. ಗಿರಾಕಿಗಳಿಗೆ ಕಿರಿಕಿರಿಯೆಂದು ನಮ್ಮ ಹುಡುಗ ಅದರ ಬಾಯಿಗೆ ಟೇಪು ಹಚ್ಚಿದ್ದಾನೆ."

ಕಾಮತರು ಸುಮ್ಮನೆ ಜೇಬಿನಿಂದ ಪೆನ್ನು ತೆಗೆದು ಶೆಟ್ಟರ ಮುಂದಿಟ್ಟು, ಇವತ್ತಿನ ಬಿಲ್ಲನ್ನು ಕೈಯಲ್ಲಿಯೇ ಬರೆದುಕೊಡಬೇಕೆಂದು ಕೇಳಿಕೊಂಡರು.