ಸಹಾಯ ಬೇಕು: ಮನೆಯ ಗಾಲ್ಫ್ ಅಭ್ಯಾಸಕ್ಕೆ ಸಾಧನ ಆರಿಸುವುದು ಹೇಗೆ?

ಗುಂಪಿನ ಹಿರಿಯರಿಗೂ ಸ್ನೇಹಿತರಿಗೂ ನಮಸ್ಕಾರ. ಚಿಕ್ಕಮಗಳೂರಿನ ಸಮೀಪದ ಕಾಫಿ ತೋಟದಲ್ಲಿ ವಾಸವಾಗಿರುವ ನಾನು ಎರಡು ವರ್ಷಗಳಿಂದ ಗಾಲ್ಫ್ ಕಲಿಯುತ್ತಿದ್ದೇನೆ. ಮಳೆಗಾಲದಲ್ಲಿ ಮೈದಾನಕ್ಕೆ ಹೋಗಲಾಗದ ಕಾರಣ, ಕಳೆದ ವರ್ಷ ಆನ್‌ಲೈನ್‌ನಲ್ಲಿ ಒಂದು ಪಟಿಂಗ್ ಮ್ಯಾಟ್ (ಚೆಂಡನ್ನು ಮೆಲ್ಲನೆ ಗುಳಿಗೆ ಉರುಳಿಸುವ ಅಭ್ಯಾಸಕ್ಕಾಗಿ ಇರುವ ಹಾಸು) ತರಿಸಿದೆ. ಸುರುಳಿ ಸುತ್ತಿ ಬಂದ ಅದರ ಮಡಿಕೆ ಇಂದಿಗೂ ಹೋಗಿಲ್ಲ. ಗುಳಿ ಇನ್ನೊಂದು ಗೇಣು ಇರುವಾಗ ಚೆಂಡು ತಪ್ಪದೆ ಎಡಕ್ಕೆ ವಾಲುತ್ತದೆ. ನಾನೋ ತಿಂಗಳುಗಟ್ಟಲೆ ನನ್ನ ಮಣಿಕಟ್ಟನ್ನೇ ದೂರುತ್ತಿದ್ದೆ!

ಈ ಬಾರಿ ಪರೀಕ್ಷಿಸಿಯೇ ಕೊಳ್ಳಬೇಕೆಂದಿದ್ದೇನೆ. ನಿಯಮದ ಪ್ರಕಾರ ಗುಳಿಯ ವ್ಯಾಸ 108 ಮಿ.ಮೀ. ಇರಬೇಕು, ಚೆಂಡಿನ ತೂಕ 45.93 ಗ್ರಾಂ ಮೀರಬಾರದು. ಹೀಗಿರುವಾಗ ಅಗಲ ಗುಳಿಯ ಮ್ಯಾಟ್ ಮತ್ತು ಹಗುರವಾದ ಸ್ಪಂಜಿನ ಚೆಂಡಿನಲ್ಲಿ ಮಾಡಿದ ಅಭ್ಯಾಸ ಮೈದಾನದಲ್ಲಿ ಎಷ್ಟರಮಟ್ಟಿಗೆ ನೆರವಾಗುತ್ತದೆ? ಸದ್ಯ ಕಾಫಿ ಕಣದ ಸಿಮೆಂಟಿನ ಮೇಲೆ ಸೀಮೆಸುಣ್ಣದ ಗೆರೆ ಎಳೆದು, ಪಟರ್ (ಚೆಂಡು ಉರುಳಿಸುವ ಕೋಲು) ಮಾತ್ರ ಹಾಯುವಷ್ಟು ಅಂತರದಲ್ಲಿ ಎರಡು ಚೆಂಡುಗಳನ್ನಿಟ್ಟು ಆಡುತ್ತಿದ್ದೇನೆ. ತಪ್ಪಿದೊಡನೆ ಟಕ್ಕೆಂದು ಸದ್ದಾಗುವ ಈ ಖರ್ಚಿಲ್ಲದ ಉಪಾಯಕ್ಕಿಂತ ಹೆಚ್ಚಿನದನ್ನು ದುಬಾರಿ ಸಾಧನಗಳು ತಿಳಿಸುತ್ತವೆಯೇ? ಬೀಸು ಹೊಡೆತದ ಅಭ್ಯಾಸಕ್ಕೆ ಬಳಸುವ ತೂಕದ ಸ್ವಿಂಗ್ ದಂಡವನ್ನಾಗಲಿ, ಚೆಂಡು ತಡೆಯುವ ಬಲೆಯನ್ನಾಗಲಿ ಒಂದು ಮಳೆಗಾಲವಾದರೂ ಬಳಸಿದವರು, ಅದು ಹೇಗೆ ಬಾಳಿಕೆ ಬಂತು ಎಂಬುದನ್ನೂ ದಯವಿಟ್ಟು ತಿಳಿಸಬೇಕಾಗಿ ಕೋರುತ್ತೇನೆ.